ಡಾಕ್ಟರಬಾಯಿಯ ಮೂರು ಮಕ್ಕಳು

ಡಾಕ್ಟರ್ ಸಬೀರಾ ಹುಬ್ಬಳ್ಳಿಯಲ್ಲಿ ಎಂಬಿಬಿಎಸ್, ಮುಂಬಯಿಯಲ್ಲಿ ಹೆರಿಗೆಯ ಡಿಪ್ಲೊಮಾ ಮುಗಿಸಿ ೧೯೭೪ರಲ್ಲಿ ಬಬಲೇಶ್ವರದ ದವಾಖಾನೆಗೆ ಬಂದಾಗ ನಾನಲ್ಲಿ ನರ್ಸ್. ಬಸುರಿ, ಬಾಣಂತಿ, ಮುಟ್ಟಿನ ತೊಂದರೆ, ಬಿಳಿಸೆರಗು, ಬಸಿರು ನಿಲ್ಲದಂತೆ ವಂಕಿ ಹಾಕುವುದು, ಎಲ್ಲಕ್ಕೂ ಅವರು ತಯಾರು. ಬರುವವರೇ ಇರಲಿಲ್ಲ. ಅಪ್ಪಿತಪ್ಪಿ ಬಂದ ಹೆಂಗಸರು ಬೋರ್ಡಿನ ಡಿಗ್ರಿ ನೋಡುತ್ತಿರಲಿಲ್ಲ. ಒಂದೇ ಪ್ರಶ್ನೆ ಕೇಳುತ್ತಿದ್ದರು.

"ಬಾಯಾರ, ನಿಮಗ ಎಷ್ಟ ಮಕ್ಕಳ್ರಿ?"

"ಇಲ್ಲ" ಎಂದರೆ ಸೆರಗು ಸರಿಮಾಡಿಕೊಂಡು ಎದ್ದುಬಿಡುತ್ತಿದ್ದರು. ತಾನೇ ಹಡೆಯದವಳು ಇನ್ನೊಬ್ಬರನ್ನು ಹೇಗೆ ಹಡೆಸಿಯಾಳು? ಸೂಲಗಿತ್ತಿ ದಾವಲಬಿ ಒಂಬತ್ತು ಹಡೆದವಳು. ಊರಿನ ಲೆಕ್ಕದಲ್ಲಿ ಅದೇ ದೊಡ್ಡ ಡಿಗ್ರಿ.

ಮೂರು ತಿಂಗಳು ನೊಣ ಹೊಡೆದ ಮೇಲೆ ಡಾಕ್ಟರಬಾಯಿ ಒಂದು ದಿನ ಕಣ್ಣು ಮಿಟುಕಿಸದೆ, "ಮೂರು. ವಿಜಾಪುರದಾಗ ನಮ್ಮವ್ವನ ಕಡೆ ಅದಾವ. ದೃಷ್ಟಿ ಆಗತೈತಂತ ಇಷ್ಟ ದಿನ ಹೇಳಿದ್ದಿಲ್ಲ" ಎಂದುಬಿಟ್ಟರು. ಬಾಯಿಗೆ ಮದುವೆಯೇ ಆಗಿಲ್ಲವೆಂದು ಊರಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೇ; ನನ್ನ ಕೈಯ ಥರ್ಮಾಮೀಟರ್ ಬಿದ್ದು ಒಡೆಯಿತು. ಹೆಂಗಸರು ಮಾತ್ರ "ಶಾಣ್ಯಾಕಿ" ಎಂದು ತಲೆದೂಗಿದರು. ಮುಂದಿನ ಸಂತೆಗೆ ದವಾಖಾನೆಯ ಕಟ್ಟೆ ತುಂಬಿತು. ಸುಳ್ಳನ್ನು ಸಾಕಿದ ಮೇಲೆ ಬೆಳೆಯದೆ ಇರುತ್ತದೆಯೇ? ಮೂವರಿಗೂ ಹೆಸರು ಬಂತು, ಹಲ್ಲು ಬಂತು, ಕಿರಿಯವನಿಗೆ ದಡಾರವೂ ಬಂದು ಹೋಯಿತು.

ಕಾಖಂಡಕಿಯ ಗುರುಬಸವ್ವನ ಹೊಟ್ಟೆಯಲ್ಲಿ ಕೂಸು ಅಡ್ಡ ಮಲಗಿತ್ತು. ವಿಜಾಪುರಕ್ಕೆ ಒಯ್ದು ಹೊಟ್ಟೆ ಕೊಯ್ಯದಿದ್ದರೆ ತಾಯಿಯೂ ಇಲ್ಲ, ಕೂಸೂ ಇಲ್ಲ. ಅವಳು ಸುತಾರಾಂ ಒಪ್ಪಳು. ಕಡೆಗೆ ಬಾಯಿ, "ನನ್ನ ನಡುವಿನ ಮಗಳನ್ನ ಹಂಗ ತಗದಾರವಾ. ನಾ ಓಡ್ಯಾಡಾಕತ್ತಿಲ್ಲೇನು?" ಎಂದ ಮೇಲೆ ಅಳುತ್ತಲೇ ಜೀಪು ಹತ್ತಿದಳು. ಜೊತೆಗೆ ಅವಳ ಅತ್ತೆ ರುದ್ರವ್ವ.

ಆಗಲೇ ಬರಬೇಕೆ, ಬಾಯಿಯ ತಾಯಿ ಮಕ್ತುಮಬಿ! ಮಗಳಿಗೆ ಮೂವತ್ತೊಂದು, ಓದು ಜಾಸ್ತಿಯಾಯಿತೆಂದು ಆರು ಸಂಬಂಧ ತಪ್ಪಿದ್ದವು. ಏಳನೆಯ ವರನ ತಾಯಿ ಶಹಜಾದಿಯನ್ನು ಹೆಣ್ಣು ನೋಡಲು ಕರೆತಂದಿದ್ದರು. ಕಟ್ಟೆಯ ಹೆಂಗಸರ ಬಾಯಿ ಸುಮ್ಮನಿದ್ದೀತೆ? ಮೂರು ಮಕ್ಕಳ ಸುದ್ದಿಯನ್ನು ದಡಾರ ಸಮೇತ ಒಪ್ಪಿಸಿದರು. ಶಹಜಾದಿ ನೇರ ಜೀಪಿನ ಹತ್ತಿರ ಬಂದರು.

"ಮಕ್ಕಳದಾವಂತ, ಖರೇನ?"

"ಸುಳ್ಳಂತ ಹೇಳ ಬೇಟಿ" ಎಂದು ಮಕ್ತುಮಬಿ ಮಗಳ ಕೈ ಹಿಡಿದುಕೊಂಡರು.

ಗುರುಬಸವ್ವ ಅಳು ನಿಲ್ಲಿಸಿ ಬಾಯಿಯ ಮುಖವನ್ನೇ ನೋಡುತ್ತಿದ್ದಳು. ಅವಳ ಒಂದು ಕಾಲು ಆಗಲೇ ಜೀಪಿನ ಹೊರಗಿತ್ತು.

"ಮೂರು ಅದಾವ್ರಿ" ಎಂದರು ಬಾಯಿ. "ನಡುವಿನಾಕಿ ಆಪರೇಶನ್ ಮಾಡಿ ಹುಟ್ಟ್ಯಾಳ."

ಗುರುಬಸವ್ವ ಕಾಲು ಒಳಗೆಳೆದುಕೊಂಡಳು. ಶಹಜಾದಿ ಬಂದ ಬಸ್ಸಿಗೇ ವಾಪಸಾದರು. ಮಕ್ತುಮಬಿ ನಮ್ಮ ಜೀಪಿನಲ್ಲೇ ಕೂತರೂ ವಿಜಾಪುರದವರೆಗೆ ಮಗಳ ಕಡೆ ತಿರುಗಿಯೂ ನೋಡಲಿಲ್ಲ.

ಸಂಜೆಗೆ ಹೆಣ್ಣು ಕೂಸು ಹುಟ್ಟಿತು. ಇಬ್ಬರೂ ಪಾರು. ರುದ್ರವ್ವ ಸಕ್ಕರೆ ಹಂಚುತ್ತ, ವರಾಂಡದಲ್ಲಿ ಮುಖ ಗಂಟಿಕ್ಕಿ ಕೂತಿದ್ದ ಮಕ್ತುಮಬಿಯ ಬಳಿ ಬಂದಳು.

"ತಗೋರಿ ಅಕ್ಕಾರ. ಮೊಮ್ಮಕ್ಕಳಿಗೂ ಒಂದೀಟ ಒಯ್ರಿ."

ಮಕ್ತುಮಬಿ ಒಳಗೆ ಗುರುಬಸವ್ವನ ಮಂಚದ ಪಕ್ಕ ನಿಂತಿದ್ದ ಮಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಸೆರಗು ಒಡ್ಡಿದರು.

"ಮೂರು ಮಂದಿ ಅದಾರವಾ. ಇಷ್ಟ ಎಲ್ಲಿ ಸಾಲತೈತಿ? ಇನ್ನೊಂದೀಟ ಹಾಕು."