ವಿಮಾನದ ಬಜರ್ ಮತ್ತು ಅಣ್ಣನ ದಿಬ್ಬ

ಸಾಗರದ ಪೇಟೆಯಲ್ಲಿ ನನ್ನದೊಂದು ಸಣ್ಣ ರೇಡಿಯೋ ರಿಪೇರಿ ಅಂಗಡಿ ಇತ್ತು. ಯಾರಾದರೂ ರೇಡಿಯೋ ತಂದು ದನಿ ಸಣ್ಣದಾಗಿದೆ ಅಂದರೆ ನಾನು ಮೊದಲು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದೆ. ಕಣ್ಣು ಬಿಟ್ಟಿದ್ದರೆ ಎದುರಿಗೆ ಕೂತ ಗಿರಾಕಿಯ ಮುಖ ಕಾಣುತ್ತದೆ, ಅವನ ಅವಸರ ಕಾಣುತ್ತದೆ, ಕೆಲಸ ಕೆಡುತ್ತದೆ. ನನ್ನ ಹೆಂಡತಿ ಇದಕ್ಕೆ ಅಂಗಡಿ ನಿದ್ದೆ ಅಂತ ಹೆಸರಿಟ್ಟಿದ್ದಳು.

ಇದು ಅರವತ್ತರ ದಶಕದ ನಡುವಿನ ಮಾತು. ಅಣೆಕಟ್ಟಿನ ನೀರು ನಮ್ಮ ಊರಿನ ಮೇಲೆ ನಿಂತು ಒಂದು ಮಳೆಗಾಲ ಕಳೆದಿತ್ತು. ಮನೆ, ಗದ್ದೆ, ಬಾವಿ ಎಲ್ಲ ಮುಳುಗಿದ್ದು ಖಾತ್ರಿ. ಅನುಮಾನವಿದ್ದದ್ದು ಮನೆಯ ಹಿಂದಿನ ದಿಬ್ಬದ ಬಗ್ಗೆ ಮಾತ್ರ. ಅದರ ನೆತ್ತಿಯಲ್ಲಿ ನಮ್ಮಪ್ಪ ಜಂಬಿಟ್ಟಿಗೆ ಕಲ್ಲು ಕಡಿಸಿದ ದೊಡ್ಡ ಕೆಂಪು ಹೊಂಡವಿತ್ತು, ಪಕ್ಕದಲ್ಲಿ ಒಂದಿಷ್ಟು ಸಾಗುವಳಿ ಜಾಗ. ದಿಬ್ಬ ಉಳಿದಿದೆ ಅಂತ ಕೆಲವರು ಹೇಳಿದರು, ಅದೂ ಹೋಯಿತು ಅಂತ ಕೆಲವರು. ಹೇಳಿದವರಲ್ಲಿ ನೋಡಿದವರು ಒಬ್ಬರೂ ಇರಲಿಲ್ಲ.

ನನ್ನ ಅಣ್ಣ ಆ ದಿಬ್ಬವನ್ನೇ ನಂಬಿ ಕೂತಿದ್ದ. ಮುಳುಗಡೆಯವರಿಗೆ ಅಂತ ತೀರ್ಥಹಳ್ಳಿ ಕಡೆ ತೋರಿಸಿದ ಜಮೀನಿಗೆ ಕಾಲಿಡದೆ, ಇದ್ದ ಒಂದು ಎಮ್ಮೆಯನ್ನು ಹೊಡೆದುಕೊಂಡು ಬಂದು ನನ್ನ ಮನೆಯಲ್ಲಿ ಉಳಿದಿದ್ದ. ದಿಬ್ಬ ಇದ್ದರೆ ಅಲ್ಲೇ ಗುಡಿಸಲು ಹಾಕಿಕೊಳ್ಳುತ್ತೇನೆ, ಇಲ್ಲದಿದ್ದರೆ ಮಾತ್ರ ಬೇರೆ ಊರು ಅನ್ನುವುದು ಅವನ ಹಟ. ಆ ತಿಂಗಳೊಳಗೆ ಬಾರದಿದ್ದರೆ ಜಮೀನನ್ನು ಬೇರೆಯವರಿಗೆ ಕೊಡುತ್ತೇವೆ ಅಂತ ಮುಳುಗಡೆ ಆಫೀಸಿನವರು ಹೇಳಿ ಕಳಿಸಿದ್ದರು. ದೋಣಿಯಲ್ಲಿ ಹೋಗಿ ನೋಡಿಕೊಂಡು ಬಾ ಎಂದರೆ ಅವನು ಎಮ್ಮೆಗೆ ಹುಲ್ಲು ಹಾಕುವ ನೆವ ಮಾಡಿ ಎದ್ದು ಹೋಗುತ್ತಿದ್ದ. ಗೊತ್ತಾಗಬೇಕು, ಆದರೆ ತಾನು ಮಾತ್ರ ನೋಡಬಾರದು.

ನನಗೆ ಇದೆಲ್ಲದರ ನಡುವೆ ಏನೂ ಅನ್ನಿಸುತ್ತಿರಲಿಲ್ಲ. ಊರು ಬಿಟ್ಟ ದಿನವೂ ಅಳು ಬಂದಿರಲಿಲ್ಲ. ಹುಟ್ಟಿದ ಮನೆ ಮುಳುಗಿತಲ್ಲ ಅಂತ ಯಾರಾದರೂ ಮುಖ ಸಣ್ಣ ಮಾಡಿಕೊಂಡು ಮಾತಾಡಿಸಿದರೆ ಸಿಟ್ಟು ಬರುತ್ತಿತ್ತು, ಅಷ್ಟೆ. ಊಟ ಸೇರುತ್ತಿತ್ತು, ನಿದ್ದೆ ಬರುತ್ತಿತ್ತು. ಹಲ್ಲು ಕೀಳುವ ಮುಂಚೆ ಡಾಕ್ಟರು ಸೂಜಿ ಚುಚ್ಚಿದ ಮೇಲೆ ದವಡೆ ಹೇಗಿರುತ್ತದೋ ಹಾಗಿದ್ದೆ.

ಆ ಚಳಿಗಾಲದಲ್ಲಿ ಸರ್ವೆಗೆಂದು ಒಂದು ಸಣ್ಣ ವಿಮಾನ ಬಂದಿತ್ತು. ಹೊಸನಗರದ ರಸ್ತೆಯ ಬದಿಯ ಹುಲ್ಲುಗಾವಲನ್ನು ಮಟ್ಟ ಮಾಡಿ ಅದು ಇಳಿಯುವುದಕ್ಕೆ ಜಾಗ ಮಾಡಿದ್ದರು. ಒಂದು ಬೆಳಿಗ್ಗೆ ಅದರ ಮೆಕ್ಯಾನಿಕ್ ಜೀಪಿನಲ್ಲಿ ನನ್ನನ್ನು ಹುಡುಕಿಕೊಂಡು ಮನೆಗೇ ಬಂದ. ಮಂಗಳೂರು ಕಡೆಯವನು.

"ವಿಮಾನದ ಒಂದು ಸ್ವರ ಸಣ್ಣ ಆಗಿದೆ ಮಾರಾಯ್ರೆ. ನೀವು ಒಮ್ಮೆ ಬಂದು ಕೇಳ್ಬೇಕು" ಅಂದ.

ವಿಮಾನದ ವೇಗ ತೀರ ತಗ್ಗಿದರೆ ಅದು ಗಾಳಿಯಲ್ಲಿ ನಿಲ್ಲುವುದಿಲ್ಲ, ಬೀಳುತ್ತದೆ. ಹಾಗಾಗುವ ಮುಂಚೆ ಒಂದು ಬಜರ್ ಕೂಗಿ ಪೈಲಟ್‌ನ ಹೆಡ್‌ಫೋನಿನಲ್ಲಿ ಎಚ್ಚರಿಸಬೇಕು. ನೆಲದ ಮೇಲೆ ಪರೀಕ್ಷೆ ಮಾಡಿದರೆ ಅದು ಚೆನ್ನಾಗಿ ಕೂಗುತ್ತದೆ, ಮೇಲೆ ಹೋದರೆ ನೊಣ ಗುಂಯ್ ಅಂದಷ್ಟು ಮಾತ್ರ ಎಂದು ಅವನು ವಿವರಿಸಿದ. ಎಂಜಿನ್ನಿನ ಸದ್ದಿಗೆ ಹಾಗಾಗುತ್ತದೆ ಅನ್ನೋಣವೆಂದರೆ ಹಿಂದೆ ಹೀಗೆ ಇರಲಿಲ್ಲವಂತೆ.

ಜಗಲಿಯಲ್ಲಿ ಕೂತಿದ್ದ ಅಣ್ಣ ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದ. "ಅದು ಆ ನೀರಿನ್ ಮೇಲೂ ಹಾರ್ತದಾ?" ಎಂದು ಕೇಳಿದ.

"ಹೆಚ್ಚಾಗಿ ಅಲ್ಲೇ" ಅಂದ ಮೆಕ್ಯಾನಿಕ್.

ಅಣ್ಣ ನನ್ನ ಕಡೆ ತಿರುಗಿದ. "ನಿನ್ನೂ ಮೇಲೆ ಕರ್ಕಂಡ್ ಹೋದ್ರೆ ಕೆಳಗೆ ನೋಡು. ಕೆಂಪು ಕಂಡ್ರೆ ದಿಬ್ಬ ಉಳ್ದದೆ ಅಂತ. ಬೇರೆ ಏನೂ ನೋಡೋದ್ ಬ್ಯಾಡ."

ಆಗಲಿ ಅಂದೆ.

ವಿಮಾನ ಹತ್ತಿರದಿಂದ ನೋಡಿದರೆ ನಮ್ಮ ಬಸ್ಸುಗಳಿಗಿಂತ ಬಡಕಲಾಗಿತ್ತು. ರೆಕ್ಕೆಯ ಅಂಚಿನಲ್ಲಿ ತಗಡಿನ ಸಣ್ಣ ನಾಲಿಗೆ. ವೇಗ ತಗ್ಗಿದಾಗ ಗಾಳಿ ಅದನ್ನು ಎತ್ತುತ್ತದೆ, ಬಜರ್‌ಗೆ ಕರೆಂಟು ಹೋಗುತ್ತದೆ. ಮೆಕ್ಯಾನಿಕ್ ಅದನ್ನು ಬೆರಳಿನಿಂದ ಎತ್ತಿದ. ನಾನು ಪೈಲಟ್‌ನ ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿದೆ. ಕಿವಿ ಕಿತ್ತುಹೋಗುವಷ್ಟು ಜೋರಾಗಿ ಕೂಗಿತು. ಆದರೂ ಬಿಡದೆ ಬಜರ್ ಬಿಚ್ಚಿ ನೋಡಿದೆ, ತಂತಿಗಳನ್ನೆಲ್ಲ ಮೀಟರ್ ಹಿಡಿದು ನೋಡಿದೆ, ಚೆನ್ನಾಗಿಯೇ ಇದ್ದ ಬೆಸುಗೆಯನ್ನು ಕಿತ್ತು ಮತ್ತೆ ಹಾಕಿದೆ. ಮಧ್ಯಾಹ್ನದವರೆಗೆ ಬೆವರು ಸುರಿಸಿದ್ದೊಂದೇ ಲಾಭ. ಅಷ್ಟು ಹೊತ್ತು ಊರಿನ ನೆನಪಾಗಲಿಲ್ಲ, ಅದು ಹಿತವಾಗಿತ್ತು.

ಊಟ ಮುಗಿಸಿ ಬಂದ ಸರ್ವೆ ಸಾಹೇಬರು ಹಿಂದಿನ ಸೀಟಿನಲ್ಲಿ ಕೂತರು. ಮೈಸೂರಿನ ಕಡೆಯವರು. ನನ್ನ ಜೊತೆ ಹೆಡ್‌ಫೋನಿನ ತಂತಿಯಲ್ಲೇ ಮಾತಾಡುವ ಹುಮ್ಮಸ್ಸಿನಿಂದ ತಮ್ಮ ಹೆಡ್‌ಫೋನನ್ನು ಸಾಕೆಟ್ಟಿಗೆ ಚುಚ್ಚಿದರು. ಮೆಕ್ಯಾನಿಕ್ ಆಗ ರೆಕ್ಕೆಯ ತಗಡಿನ ನಾಲಿಗೆಯನ್ನು ಎತ್ತಿ ಹಿಡಿದಿದ್ದ. ನನ್ನ ಕಿವಿಯಲ್ಲಿ ಕೂಗುತ್ತಿದ್ದ ಬಜರ್ ಒಮ್ಮೆಲೇ ಕುಗ್ಗಿತು.

"ಅದನ್ನ ತೆಗೀರಿ ಸ್ವಾಮಿ" ಅಂದೆ. ತೆಗೆದರು, ಮತ್ತೆ ಕೂಗಿತು. ಚುಚ್ಚಿದರು, ಕುಗ್ಗಿತು.

ಆ ಎರಡನೆಯ ಹೆಡ್‌ಫೋನ್ ಸರ್ವೆಗಾಗಿ ಹೊಸದಾಗಿ ಸೇರಿಸಿದ್ದು, ಬೇರೆ ಜಾತಿಯದು. ಬರುವ ಕರೆಂಟಿನಲ್ಲಿ ಹೆಚ್ಚಿನ ಪಾಲನ್ನು ಅದೇ ಕುಡಿದುಬಿಡುತ್ತಿತ್ತು. ನೆಲದ ಮೇಲೆ ಮೆಕ್ಯಾನಿಕ್ ಒಬ್ಬನೇ ಕೂತು ಪರೀಕ್ಷಿಸುವಾಗ ಅದು ಚುಚ್ಚಿರುತ್ತಿರಲಿಲ್ಲ, ಹಾರುವಾಗ ಮಾತ್ರ ಚುಚ್ಚಿರುತ್ತಿತ್ತು. ಮೆಕ್ಯಾನಿಕ್ ಹಣೆ ಚಚ್ಚಿಕೊಂಡ, ನಾನೂ ಅರ್ಧ ದಿನ ಹಾಳುಮಾಡಿದ್ದಕ್ಕೆ ನನ್ನನ್ನೇ ಬೈದುಕೊಂಡೆ. ಸಾಹೇಬರ ತಂತಿಯ ದಾರಿಯಲ್ಲಿ ಕರೆಂಟು ತಡೆಯುವ ಒಂದು ರೆಸಿಸ್ಟರ್ ಹಾಕಿ ಅದರ ಬಾಯಾರಿಕೆ ಕಡಿಮೆ ಮಾಡಿದೆ. ಸಾಹೇಬರಿಗೆ ಇನ್ನು ಮೇಲೆ ಸ್ವಲ್ಪ ಸಣ್ಣದಾಗಿ ಕೇಳಿಸುತ್ತದೆ, ಪೈಲಟ್‌ಗೆ ಪೂರ್ತಿ.

ಪೈಲಟ್‌ಗೆ ಕನ್ನಡ ಬರುತ್ತಿರಲಿಲ್ಲ. ಅವನು ಏನೋ ಹೇಳಿದ, ಮೆಕ್ಯಾನಿಕ್ ನಗುತ್ತಾ ತಿಳಿಸಿದ: "ಸರಿ ಮಾಡಿದವರೇ ಜೊತೆಗೆ ಬರ್ಬೇಕಂತೆ. ಬೀಳುವುದಾದ್ರೆ ಒಟ್ಟಿಗೇ ಬೀಳುವ ಅಂತ."

ಸಾಹೇಬರ ಸೀಟಿನಲ್ಲಿ, ಅವರ ಹೆಡ್‌ಫೋನ್ ಹಾಕಿಕೊಂಡು ಕೂತೆ. ಮೊದಲ ಸಲ ವಿಮಾನ ಹತ್ತಿದವನಿಗೆ ಭಯವಾದರೂ ಆಗಬೇಕಿತ್ತು. ಆಗಲಿಲ್ಲ. ಕೆಳಗೆ ಗುಡ್ಡಗಳು ಸರಿದವು, ಸ್ವಲ್ಪ ಹೊತ್ತಿಗೆ ನೀರು ಬಂತು. ಗುಡ್ಡಗಳ ಸಂದಿ ಸಂದಿಗೆ ನುಗ್ಗಿ ನಿಂತ ನೀರು, ಬಿಸಿಲಿಗೆ ಬೆಳ್ಳಗೆ. ಎದುರಿಗೆ ಅವಳಿ ಗುಡ್ಡ ಕಂಡಿತು. ಅದನ್ನು ದಾಟಿದರೆ ನಮ್ಮೂರು. ಬೆಳಿಗ್ಗೆ ಜೀಪಿನಲ್ಲಿ ನಾನು ಹೇಳಿದ್ದನ್ನು ಮೆಕ್ಯಾನಿಕ್ ತಿಳಿಸಿದ್ದನೋ ಏನೋ, ಗುಡ್ಡ ದಾಟುತ್ತಿದ್ದಂತೆ ಪೈಲಟ್ ತಿರುಗಿ ನನ್ನನ್ನು ನೋಡಿ ಎಡಗಡೆ ಕೆಳಗೆ ಬೆರಳು ತೋರಿಸಿದ. ಆಮೇಲೆ ಬಜರ್ ಕೂಗಿಸಿ ನೋಡಲು ಎಂಜಿನ್ನಿನ ಸದ್ದು ಇಳಿಸಿ ವಿಮಾನದ ಮೂತಿ ಮೇಲೆತ್ತಿದ.

ನಾನು ಕಣ್ಣು ಮುಚ್ಚಿಕೊಂಡೆ.

ಗಾಳಿಯ ಸದ್ದು ತಗ್ಗುತ್ತಾ ಬಂತು. ಸಣ್ಣದಾಗಿ, ಆದರೆ ಸ್ಪಷ್ಟವಾಗಿ ಬಜರ್ ಕೂಗಿತು. ವಿಮಾನ ಮುಂದಕ್ಕೆ ಮುಗ್ಗರಿಸಿತು, ಎಂಜಿನ್ ಮತ್ತೆ ಗರ್ಜಿಸಿತು. ಕಣ್ಣು ಬಿಟ್ಟಾಗ ರೆಕ್ಕೆಯ ಆಚೆ ಬರೀ ಆಕಾಶ. ಪೈಲಟ್ ಹೆಬ್ಬೆರಳು ಎತ್ತಿ ತೋರಿಸುತ್ತಿದ್ದ. ಅವಳಿ ಗುಡ್ಡವೂ ನಮ್ಮೂರಿನ ಜಾಗವೂ ಆಗಲೇ ಹಿಂದೆ ಉಳಿದಿದ್ದವು.

ಮನೆಗೆ ಬಂದಾಗ ಅಣ್ಣ ಕೊಟ್ಟಿಗೆಯಲ್ಲಿದ್ದ. ನನ್ನನ್ನು ನೋಡಿ ಕೈಯಲ್ಲಿದ್ದ ಹುಲ್ಲಿನ ಕಟ್ಟನ್ನು ಕೆಳಗಿಟ್ಟ.

"ಮೇಲೆ ಹೋಗಿದ್ಯಾ?"

"ಹೋಗಿದ್ದೆ."

"ಕೆಂಪು ಕಂಡ್ತಾ?"

"ನೋಡ್ಲಿಲ್ಲ ಅಣ್ಣ. ಬಜರ್ ಕೇಳ್ಬೇಕಿತ್ತು. ಕಣ್ಣು ಮುಚ್ಕಂಡಿದ್ದೆ."

ಬೈಯುತ್ತಾನೆ ಅಂದುಕೊಂಡಿದ್ದೆ, ಬೈಯಲಿಲ್ಲ. ಎಮ್ಮೆಯ ಬೆನ್ನಿಗೆ ಅಂಟಿದ್ದ ಹುಲ್ಲುಕಡ್ಡಿಯನ್ನು ತೆಗೆದು ಹಾಕಿದ.

"ಬಜರ್ ಓಡ್ಸೋನಿಗೆ ಕೇಳ್ಸಿದ್ರೆ ಸಾಕಾಗಿತ್ತಲ್ಲ" ಅಂದ.

ನಾನು ಕೆಳಗಿದ್ದ ಹುಲ್ಲಿನ ಕಟ್ಟನ್ನು ಎತ್ತಿ ಅವನ ಕೈಗೆ ಕೊಟ್ಟೆ.

"ದಿಬ್ಬ ಉಳ್ದದೆ ಅಂತ ನಿನಗೆ ಒಂಚೂರು ಅನ್ಸಿದ್ರೂ ನೀ ಕಣ್ಣು ಬಿಟ್ಕಂಡಿರ್ತಿದ್ದೆ" ಅಂದ ಅಣ್ಣ. ದನಿಯಲ್ಲಿ ಸಿಟ್ಟಿರಲಿಲ್ಲ. ಹುಲ್ಲಿನ ಕಟ್ಟು ಬಿಚ್ಚಿ ಪೂರ್ತಿ ಎಮ್ಮೆಯ ಮುಂದೆ ಹಾಕಿದ. ಕೈಕಾಲು ತೊಳೆದು ಅಡುಗೆಮನೆಯ ಬಾಗಿಲಿಗೆ ಹೋಗಿ ನನ್ನ ಹೆಂಡತಿಗೆ ಹೇಳಿದ.

"ಬೆಳಿಗ್ಗೆ ಒಂದು ಬುತ್ತಿ ಕಟ್ಕೊಡು ತಂಗಿ. ಎಮ್ಮೆ ಹೊಡ್ಕಂಡ್ ತೀರ್ಥಹಳ್ಳಿ ಕಡೆ ಹೊರಡ್ತೀನಿ."