ನಾಲ್ಕು ಚಮಚ ಪಾಚಿ

ಎಂಎಸ್ಸಿಯ ಕೊನೆಯ ವರ್ಷ, ಬನಶಂಕರಿಯ ಮಹಡಿ ರೂಮೊಂದರಲ್ಲಿ ನಾನು ಆರು ಕಪ್ಪೆಚಿಪ್ಪುಗಳ ಜೊತೆ ಸಂಸಾರ ಹೂಡಿದ್ದೆ. ಕೆರೆಯಿಂದ ಬಕೆಟ್ಟಿಗೆ ವರ್ಗವಾಗಿ ಬಂದ ಜೀವಂತ ಚಿಪ್ಪುಗಳು. ಅವು ಬಾಯಿ ತುಸು ತೆರೆದು ನೀರೆಳೆದುಕೊಂಡು, ಪಾಚಿ ಸೋಸಿ ತಿಂದು, ತಿಳಿನೀರು ಹೊರಬಿಡುತ್ತವೆ. ಮೇವು ಹೆಚ್ಚುಕಡಿಮೆಯಾದರೆ ಈ ಸೋಸುವಿಕೆ ಹೇಗೆ ಬದಲಾಗುತ್ತದೆ ಎಂದು ನೋಡುವುದೇ ನನ್ನ ಪ್ರಾಜೆಕ್ಟ್. ಅವು ಸತ್ತರೆ ನನ್ನ ಪದವಿಯೂ ಸತ್ತಂತೆ.

ಮನೆಯ ಒಡತಿ ಆಂಟಿ ಮೊಟ್ಟೆಯನ್ನೂ ಮೆಟ್ಟಿಲು ಹತ್ತಲು ಬಿಡದವರು. "ಬೇಯಿಸಲ್ಲ ತಾನೆ?" ಎಂದು ಮೂರು ಸಲ ಕೇಳಿ ಒಪ್ಪಿದ್ದರು.

ದಿನಾ ಬೆಳಿಗ್ಗೆ ಒಂದು ಚಿಟಿಕೆ ಪಾಚಿಪುಡಿ ಹಾಕುತ್ತಿದ್ದೆ. ಮಧ್ಯಾಹ್ನಕ್ಕೆ ನೀರು ತಿಳಿಯಾಗುತ್ತಿತ್ತು. ನಾನೇ ಕುಡಿದು ಸೋಸಿದಷ್ಟು ಹೆಮ್ಮೆ. ಗೈಡ್ ಸರ್‌ಗೆ ಫಲಿತಾಂಶ ತೋರಿಸುವ ಹಿಂದಿನ ದಿನ ನನ್ನೊಳಗಿನ ವಿಜ್ಞಾನಿ ಎದ್ದ. ಜಾಸ್ತಿ ಊಟ ಕೊಟ್ಟರೆ ಜಾಸ್ತಿ ಸೋಸುತ್ತವೆ, ಗ್ರಾಫ್ ಆಕಾಶ ಮುಟ್ಟುತ್ತದೆ. ನಾಲ್ಕು ಚಮಚ ಸುರಿದೆ. ಬಕೆಟ್ ಪಾಲಕ್ ಸಾರಾಯಿತು.

ಮಧ್ಯಾಹ್ನ ನೋಡಿದರೆ ಆರೂ ಗಟ್ಟಿಯಾಗಿ ಮುಚ್ಚಿವೆ. ಸುತ್ತ ಹಸಿರು ಲೋಳೆಯ ಎಳೆಗಳು. ಪೆನ್ಸಿಲಿನಿಂದ ಒಂದರ ಬಾಗಿಲು ತಟ್ಟಿ, "ಸಾರ್, ಒಳಗಿದ್ದೀರಾ?" ಎಂದೆ. ಸತ್ತೇ ಹೋದವೆಂಬ ನನ್ನ ಗೋಳಾಟ ಕೇಳಿ ಆಂಟಿ ಮೇಲೆ ಬಂದರು.

"ದಿನಾ ಎಷ್ಟು ಹಾಕ್ತಿದ್ದೆ?"

"ಚಿಟಿಕೆ."

"ಇವತ್ತು?"

"ನಾಕು ಚಮಚ ಆಂಟಿ."

"ಮದುವೆ ಮನೇಲಿ ಎಲೆಗೆ ಕೈ ಅಡ್ಡ ಇಟ್ರೂ ಬೆರಳ ಮೇಲೇ ಬಡಿಸಿ ಹೋಗ್ತಾರಲ್ಲ, ಆ ಜಾತಿ ನೀನು. ಇವಕ್ಕೆ ಕೈಯಿಲ್ಲ ಪಾಪ, ಬಾಯೇ ಮುಚ್ಕೊಂಡಿವೆ."

"ಈ ಲೋಳೆ?"

"ಸಾಕಾಗಿದ್ದನ್ನ ಉಗಿದಿವೆ. ನಾನಾಗಿದ್ರೂ ಉಗೀತಿದ್ದೆ, ನಿನ್ನ ಮೇಲೆ."

ಸತ್ತ ಚಿಪ್ಪು ಬಾಯಿ ಬಿಟ್ಟುಕೊಂಡಿರುತ್ತದೆ, ಮುಚ್ಚಿಕೊಳ್ಳುವುದಿಲ್ಲ. ಈ ವಾಕ್ಯವನ್ನು ಪ್ರಾಜೆಕ್ಟಿನ ಮೊದಲ ಪುಟದಲ್ಲೇ ಟೈಪ್ ಮಾಡಿದ ಮಹಾನುಭಾವ ನಾನೇ.

ಹಿಂದಿನ ದಿನ ಹಿಡಿದಿಟ್ಟಿದ್ದ ನೀರಿಗೆ ಅವನ್ನು ಬದಲಾಯಿಸಿದೆವು. ಆಂಟಿ ಹುರುಳಿಕಾಯಿ ಬಿಡಿಸುತ್ತಾ ಕೂತರು, ನಾನು ಬಕೆಟ್ಟಿನೊಳಗೆ ಮೂಗಿಟ್ಟು ಕೂತೆ. ನಾಲ್ಕು ಗಂಟೆಯ ಸುಮಾರಿಗೆ ಒಂದು ಚಿಪ್ಪು ಕೂದಲೆಳೆಯಷ್ಟು ಬಿರಿಯಿತು. ಆಮೇಲೆ ಇನ್ನೊಂದು. ಸಂಜೆಗೆ ಆರೂ ತೆರೆದಿದ್ದವು. ಚಿಟಿಕೆ ಪುಡಿ ಹಾಕಿದೆ, ಮತ್ತೆ ಸೋಸತೊಡಗಿದವು. ನಾನು ಕುಣಿದ ರಭಸಕ್ಕೆ ಹುರುಳಿಕಾಯಿ ತಟ್ಟೆ ಮಗುಚಿತು.

ಮರುದಿನ ಬೈಸಿಕೊಳ್ಳಲು ಸಿದ್ಧನಾಗಿಯೇ ಗೈಡ್ ಸರ್‌ಗೆ ಎಲ್ಲ ಒಪ್ಪಿಸಿದೆ. ಅವರು ನನ್ನ ನೋಟ್‌ಬುಕ್ಕಿನಲ್ಲಿ ನಾಲ್ಕು ಚಮಚದ ಸಾಲಿಗೆ ಬೆರಳಿಟ್ಟರು. "ಮೇವು ಅತಿಯಾದ್ರೆ ಉಗೀತವೆ, ಮುಚ್ಕೊಳ್ತವೆ. ಕಮ್ಮಿಯಾದ್ರೆ ಮತ್ತೆ ಸೋಸ್ತವೆ. ನಿನ್ನ ಪ್ರಾಜೆಕ್ಟೇ ಇದು ಕಣಯ್ಯ. ಈಗ ಇದನ್ನೇ ಅಳತೆ ಮಾಡಿ, ಹಂತಹಂತವಾಗಿ ಮಾಡ್ಕೊಂಡ್ ಬಾ."

ಮನೆಗೆ ಹಾರಿಕೊಂಡು ಬಂದು, ಪಾಚಿಪುಡಿಯ ಚಮಚ ಹಿಡಿದುಕೊಂಡೇ ಆಂಟಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ನನ್ನ ಕೈಯಿಂದ ಚಮಚ ಕಿತ್ತುಕೊಂಡರು.

"ಅಳತೆ ನಾನ್ ಹಾಕ್ತೀನಿ. ನೀನು ಗಡಿಯಾರ ನೋಡು."