ಶಂಕ್ರಪ್ಪ ಕಾಕಾ ಸಿಕ್ಕಿಬಿದ್ದ ಕತೆ

ಆಗೆಲ್ಲ ಗಜೇಂದ್ರಗಡದ ನಮ್ಮ ನೇಕಾರ ಓಣಿಯಲ್ಲಿ ಬೆಳಗಿನ ಹೊತ್ತು ತಲೆ ಬಗ್ಗಿಸಿಯೇ ಓಡಾಡಬೇಕಿತ್ತು. ಈ ತುದಿಯಿಂದ ಆ ತುದಿಗೆ ಯಾರದಾದರೂ ಮನೆಯ ಹಾಸು ಕಟ್ಟಿರುತ್ತಿತ್ತು. ಮಗ್ಗಕ್ಕೆ ಏರಿಸುವ ಉದ್ದನೆಯ ಎಳೆಗಳನ್ನು ಬೀದಿಯಲ್ಲಿ ಬಿಗಿದು, ಗಂಜಿ ಹಚ್ಚಿ, ಬಿಸಿಲು ಚುರುಗುಟ್ಟುವುದರೊಳಗೆ ಒಣಗಿಸಬೇಕು. ಅದಕ್ಕೆ ಎಂಟು ಹತ್ತು ಮಂದಿಯ ಕೈ ಬೇಕು. ಯಾರನ್ನೂ ಕರೆಯುವ ಪದ್ಧತಿ ಇರಲಿಲ್ಲ, ತಾವೇ ಬರುತ್ತಿದ್ದರು. ಇವತ್ತು ನಿಮ್ಮದು, ನಾಳೆ ನಮ್ಮದು. ಕೆಲಸ ಮುಗಿದ ಮೇಲೆ ಮಕ್ಕಳಿಗೆ ಚುರುಮುರಿ, ಬೆಲ್ಲ ಸಿಗುತ್ತಿತ್ತು. ನಾನು ಹೋಗುತ್ತಿದ್ದುದು ಅದಕ್ಕೇ.

ಒಂದು ಮನೆಯ ಹಾಸು ಮಾತ್ರ ಬೀದಿಗೆ ಬರುತ್ತಿರಲಿಲ್ಲ. ಅದು ನಮ್ಮ ಎದುರು ಮನೆಯ ವೀರಪ್ಪನದು. ಅವನು, ಹೆಂಡತಿ ನೀಲವ್ವ, ನನ್ನ ಗೆಳತಿ ಗಂಗಾ, ಮೂವರೇ ಪಡಸಾಲೆಯಲ್ಲಿ ಗೋಡೆಯಿಂದ ಗೋಡೆಗೆ ಗಿಡ್ಡ ಹಾಸು ಕಟ್ಟಿಕೊಳ್ಳುತ್ತಿದ್ದರು. ಬೇರೆಯವರ ಹಾಸಿನಲ್ಲಿ ನಾಲ್ಕು ಸೀರೆ ಇಳಿದರೆ ಅವರದು ಒಂದಕ್ಕೇ ಮುಗಿಯುತ್ತಿತ್ತು. ಮತ್ತೆ ಮೊದಲಿನಿಂದ ಎಳೆ ಎಳೆ ಜೋಡಿಸುತ್ತ ಕೂರಬೇಕು.

ಇದಕ್ಕೆ ಕಾರಣ ನಮ್ಮ ಶಂಕ್ರಪ್ಪ ಕಾಕಾ, ಅಪ್ಪನ ತಮ್ಮ. ನಲವತ್ತೆರಡರ ಚಲೇಜಾವ್ ಚಳವಳಿಯಲ್ಲಿ ರೋಣ, ನರಗುಂದದ ಕಡೆಯ ಹುಡುಗರನ್ನು ಕಟ್ಟಿಕೊಂಡು ತಂತಿ ಕಡಿದು, ಚಾವಡಿಯ ದಫ್ತರ ಸುಟ್ಟವನು. ಪೊಲೀಸರ ಕಣ್ಣು ತಪ್ಪಿಸಿ ಒಂದಿಷ್ಟು ದಿನ ಅಬ್ಬಿಗೇರಿ, ಒಂದಿಷ್ಟು ದಿನ ಇಟಗಿ ಎಂದು ಅಲೆದು, ಕೊನೆಗೆ ಪುರ್ತಗೇರಿಯಲ್ಲಿ ಸಿಕ್ಕಿಬಿದ್ದ. ಮೂರು ವರ್ಷ ಜೈಲಾಯಿತು. ಅವನು ಸಿಕ್ಕ ಹಿಂದಿನ ದಿನ ವೀರಪ್ಪ ಸೀರೆ ಮಾರಲು ಪುರ್ತಗೇರಿಗೆ ಹೋಗಿದ್ದ. ಓಣಿಗೆ ಅಷ್ಟು ಸಾಕಾಯಿತು. ಅಂದಿನಿಂದ ಅವನ ಹಾಸನ್ನು ಯಾರೂ ಮುಟ್ಟಲಿಲ್ಲ.

ನನಗೆ ಹತ್ತು ವರ್ಷವಾದಾಗಿನ ಶ್ರಾವಣ. ದಸರೆ ಮುಗಿಸಿಕೊಂಡು ಇಳಕಲ್ಲಿಗೆ ಹೋಗಿಬಿಡುತ್ತೇವೆ, ಇಲ್ಲಿ ಹೊಟ್ಟೆ ತುಂಬುವುದಿಲ್ಲ ಎಂದು ಗಂಗಾ ಅತ್ತಳು. ಮರುದಿನ ಬೆಳಿಗ್ಗೆ ನಾನು ಅವರ ಪಡಸಾಲೆಗೆ ನುಗ್ಗಿ ಹಾಸಿನ ಒಂದು ತುದಿ ಹಿಡಿದು ನಿಂತೆ. ಅವ್ವ ಬಂದು ಜಡೆ ಹಿಡಿದು ಎಳೆದೊಯ್ದಳು. ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ ಕಾಕಾ ಎಲ್ಲ ನೋಡಿಯೂ ಸುಮ್ಮನಿದ್ದ. ನನಗೆ ಸಿಟ್ಟು ಬಂದದ್ದು ಅವ್ವನ ಮೇಲಲ್ಲ, ಅವನ ಮೇಲೆ.

ಮಧ್ಯಾಹ್ನ ಅವನ ಮಗ್ಗದ ಮುಂದೆ ಹೋಗಿ ಕೇಳಿಯೇಬಿಟ್ಟೆ: "ಕಾಕಾ, ಗಂಗಾನ ಅಪ್ಪ ನಿನ್ನ ಹಿಡದುಕೊಟ್ಟಿದ್ದು ನೀ ಕಣ್ಣಾರೆ ಕಂಡೀಯೇನ?"

ಕಾಕಾ ಲಾಳಿ ನಿಲ್ಲಿಸಿದ. ನಡೆದದ್ದನ್ನೆಲ್ಲ ಹೇಳಿದ. ಪುರ್ತಗೇರಿಯಲ್ಲಿ ಅವನು ಕಂಬಳಿ ಹೊದ್ದು, ರೈತರೊಬ್ಬರ ಮನೆಯ ಆಳಾಗಿದ್ದನಂತೆ. ಪೊಲೀಸರು ಬಂದು ಅದೇ ಮನೆಯ ಕಟ್ಟೆಯ ಮೇಲೆ ನೀರು ಕುಡಿಯುತ್ತ ಕುಳಿತರು. ಪಕ್ಕದಲ್ಲಿ ಆ ಮನೆಯ ಮುದುಕಿ ಕೌದಿ ಹೊಲಿಯುತ್ತಿದ್ದಳು. ದಾರ ಹರಿಯಿತು. ಕಾಕಾನ ಕೈ ತಾನಾಗಿ ಮುಂದೆ ಹೋಯಿತು. ಹೆಬ್ಬೆರಳನ್ನು ನಾಲಿಗೆಗೆ ಮುಟ್ಟಿಸಿ, ಕಟ್ಟೆಯ ಪಕ್ಕದ ನೀರೊಲೆಯ ಬೂದಿಯಲ್ಲಿ ಅದ್ದಿ, ಎರಡೂ ತುದಿಗಳನ್ನು ಹೊಸೆದು ಒಂದು ಮಾಡಿ ಕೊಟ್ಟ. ಪೊಲೀಸರಲ್ಲೊಬ್ಬ ನೇಕಾರರ ಊರಿನವನು. ಅವರು ಹುಡುಕುತ್ತಿದ್ದದ್ದೂ ಒಬ್ಬ ನೇಕಾರನನ್ನೇ.

"ಒಕ್ಕಲತನ ಮಾಡಾಂವ ಆಗಿದ್ರ ಗಂಟ ಹಾಕತಿದ್ದ," ಎಂದ ಕಾಕಾ. "ನಾ ಹೊಸದೆ. ವೀರಪ್ಪಗ ನಾ ಅಲ್ಲಿ ಇದ್ದದ್ದ ಗೊತ್ತಿರಲಿಲ್ಲ."

ಮತ್ತೆ ಯಾಕೆ ಹೇಳಲಿಲ್ಲ ಎಂದೆ.

"ಜೇಲಿನಿಂದ ಬಂದ ದಿನ ಮೆರವಣಿಗಿ ಮಾಡಿದ್ರು. ನಾಳೆ ಹೇಳಿದ್ರಾತು ಅಂದೆ. ನಾಳೆ ನಾಳೆ ಅನ್ನೂದ್ರಾಗ ಇಷ್ಟ ವರ್ಷ ಹೋತು. ನಾಚಿಕಿ ಬಂತು ತಂಗಿ."

ಆ ಸಲದ ಆಗಸ್ಟ್ ಹದಿನೈದಕ್ಕೆ ಸಾಲೆಯ ಮುಂದೆ ಕಾಕಾನಿಗೆ ಸತ್ಕಾರ ಇಟ್ಟಿದ್ದರು. ರೋಣದಿಂದ ಭಾಷಣಕ್ಕೆ ಬಂದವರು, ನಮ್ಮವರೇ ದ್ರೋಹ ಬಗೆದರು ಎಂದಾಗ ಜನ ಹಿಂದೆ ತಿರುಗಿ ನೀಲವ್ವನನ್ನು ನೋಡಿದರು. ಕಾಕಾ ಎದ್ದು ನಿಂತ. ಕೌದಿ, ಬೂದಿ, ಹೆಬ್ಬೆರಳು ಒಂದನ್ನೂ ಬಿಡದೆ ಹೇಳಿದ.

"ವೀರಪ್ಪಂದು ತಪ್ಪಿಲ್ಲ. ತಪ್ಪ ನಂದು. ಇಷ್ಟ ದಿನಾ ಬಾಯಿ ಮುಚ್ಚಿಕೊಂಡ ಕುಂತದ್ದು ಅದಕಿಂತಾ ದೊಡ್ಡ ತಪ್ಪು."

ನಾನು ಹಿಗ್ಗಿ ಗಂಗಾನ ಕೈ ಹಿಡಿದುಕೊಂಡೆ. ಅಷ್ಟರಲ್ಲಿ ಭಾಷಣದವರು ಕಣ್ಣೊರೆಸಿಕೊಳ್ಳುತ್ತ ಎದ್ದರು.

"ನೋಡ್ರಿ, ಹಿಡದುಕೊಟ್ಟಾಂವನ ಮಾನಾ ಉಳಸಾಕ ತಪ್ಪು ತಮ್ಮ ಮ್ಯಾಲ ಹಾಕ್ಕೊಂಡ್ರು. ದೊಡ್ಡ ಮನಸ್ಸು ಅಂದ್ರ ಇದು."

ಚಪ್ಪಾಳೆಯೋ ಚಪ್ಪಾಳೆ. ಖರೇನೇ ಹೇಳುತ್ತಿದ್ದೇನೆ ಎಂದು ಕಾಕಾ ಕೈ ಎತ್ತಿ ಹೇಳುತ್ತಲೇ ಇದ್ದ, ಯಾರಿಗೂ ಕೇಳಿಸಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟುವವರಲ್ಲಿ ನಮ್ಮ ಅವ್ವನೂ ಇದ್ದಳು. ಗಂಗಾ ನನ್ನ ಕೈ ಬಿಡಿಸಿಕೊಂಡಳು.

ಮರುದಿನದಿಂದ ಕಾಕಾ ನನ್ನನ್ನು ಕರೆದುಕೊಂಡು ವೀರಪ್ಪನ ಹಾಸು ಹಿಡಿಯಲು ಹೋಗತೊಡಗಿದ. ಈಗ ಅವ್ವ ತಡೆಯಲಿಲ್ಲ. ಓಣಿಯವರು ಅದನ್ನೂ ಕಾಕಾನ ದೊಡ್ಡತನದ ಲೆಕ್ಕಕ್ಕೇ ಹಾಕಿದರು, ಒಬ್ಬರೂ ಜೊತೆಗೆ ಬರಲಿಲ್ಲ. ದಸರೆ ಮುಗಿದ ವಾರ ಎದುರು ಮನೆಯ ಮಗ್ಗ ಗಾಡಿ ಏರಿತು. ನಾನು ಕೈ ಬೀಸಿದೆ. ಗಂಗಾ ಬೀಸಲಿಲ್ಲ.

ಈಗ ಕಾಕಾ ಇಲ್ಲ, ಓಣಿಯಲ್ಲಿ ಹಾಸು ಕಟ್ಟುವವರೂ ಇಲ್ಲ. ಆ ಓಣಿಗೆ ಅವನ ಹೆಸರಿದೆ. ಕೆಲವು ವರ್ಷಗಳ ಹಿಂದೆ ನನ್ನನ್ನು ಸಾಲೆಗೆ ಮುಖ್ಯ ಅತಿಥಿಯಾಗಿ ಕರೆದಿದ್ದರು. ಮಕ್ಕಳು ಕಾಕಾನ ಜೀವನವನ್ನೇ ನಾಟಕ ಮಾಡಿದರು. ಪುರ್ತಗೇರಿಯ ದೃಶ್ಯದಲ್ಲಿ ಹತ್ತು ವರ್ಷದ ಒಬ್ಬ ಹುಡುಗಿ ಮೀಸೆ ಬರೆದುಕೊಂಡು, ಸೀರೆಯ ಗಂಟು ಹೊತ್ತು ಬಂದು ಪೊಲೀಸನ ಕಿವಿಯಲ್ಲಿ ಏನೋ ಉಸುರಿದಳು. ಕೂತವರೆಲ್ಲ ಛೀ ಥೂ ಎಂದರು. ನಾನು ಹೆಡ್‌ಮಾಸ್ತರರನ್ನು ಪಕ್ಕಕ್ಕೆ ಕರೆದು ನಡೆದದ್ದನ್ನು ಹೇಳಿದೆ. ನಾಟಕದಲ್ಲಿ ತೋರಿಸಿದ್ದು ಸುಳ್ಳೆಂದು ಬಲ್ಲವರಲ್ಲಿ ಈಗ ಊರಲ್ಲಿ ಉಳಿದವಳು ನಾನೊಬ್ಬಳೇ ಎಂದೂ ಹೇಳಿದೆ.

ಅವರು ಸಮಾಧಾನದಿಂದ ಕೇಳಿದರು. "ಖರೇ ಇರಬಹುದ್ರಿ ಅಮ್ಮಾರ. ಆದ್ರ ಅಂವನ್ನ ತಗದ್ರ ನಾಟಕದಾಗ ಏನ್ ಉಳೀತೈತ್ರಿ?"

ಅಷ್ಟರಲ್ಲಿ ನನ್ನ ಹೆಸರು ಕೂಗಿದರು. ಚಲೋ ಪಾತ್ರ ಮಾಡಿದವರಿಗೆ ಬಹುಮಾನ ಕೊಡಬೇಕಿತ್ತು. ಬಂದದ್ದು ಮೀಸೆಯ ಹುಡುಗಿಗೇ. ಮುಖ್ಯ ಅತಿಥಿಯಾದ್ದರಿಂದ ನಾನೇ ಕೊಟ್ಟೆ.